ನಿಂಬೆ ವಾಸನೆಯ ಪುಟ್ಟ ಲೋಟಗಳು

ಶನಿವಾರದ ಪ್ರಾಕ್ಟೀಸ್‌ನಲ್ಲಿ ನನ್ನ ದನಿ ಒಡೆಯಿತು. ಮೇಲಿನ ಸ್ವರಕ್ಕೆ ಏರಿದೆ, ಅಲ್ಲಿ ದನಿಯೇ ಇಲ್ಲ. ಬರೀ ಗಾಳಿ! ಯಲಹಂಕದ ನಮ್ಮ ಚರ್ಚಿನಲ್ಲಿ ಕ್ವಾಯರ್ ಮುಂದೆ ನಿಂತು ವರ್ಷಗಟ್ಟಲೆ ಹಾಡಿಸಿದವಳು ನಾನು. "ಶೀತ ಇರ್ಬೇಕು ಸುಗುಣಕ್ಕ, ಬಿಸಿನೀರು ಕುಡೀರಿ" ಅಂದರು ಹುಡುಗಿಯರು. ಕುಡಿದೆ. ಉಪ್ಪುನೀರು ಮುಕ್ಕಳಿಸಿದೆ, ಮೆಣಸಿನ ಕಷಾಯ ಕುಡಿದೆ, ಶುಂಠಿ ಅಗಿದೆ. ದನಿ ಮಾತ್ರ ತಗಡು ಕೆರೆದ ಹಾಗೇ ಇತ್ತು.

ಕೊನೆಗೆ ನಮ್ಮ ಮನೆಯವರು, ಜಾನ್, ಬಲವಂತವಾಗಿ ಹೆಬ್ಬಾಳದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಷ್ಟು ಹೊತ್ತೂ ನಾನು ಮಾತಾಡುತ್ತಲೇ ಇದ್ದೆ. ಭಯವಾದರೆ ನನಗೆ ಮಾತು ಜಾಸ್ತಿ. ಇಎನ್‌ಟಿ ಡಾಕ್ಟರ್ ಮೂಗಿನೊಳಗೆ ಸ್ಕೋಪ್ ಇಳಿಸಿ, ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು.

"ನೋಡಿ, ವೋಕಲ್ ಕಾರ್ಡ್ ಮೇಲೆ ಗಂಟಿದೆ. ಪಾಲಿಪ್ ಇರ್ಬಹುದು. ತೆಗೆದು ಬಯಾಪ್ಸಿಗೆ ಕಳಿಸ್ತೀವಿ."

ಬಯಾಪ್ಸಿ.

ಜಾನ್ ಕೈ ಹಿಡಿದುಕೊಂಡರು. ಆಮೇಲೆ ನಾನು ಕೇಳಿದ್ದು ಒಂದೇ. "ಮತ್ತೆ ಹಾಡೋಕಾಗತ್ತಾ ಡಾಕ್ಟ್ರೇ?"

"ಮಾತಾಡೋಕೆ ತೊಂದ್ರೆ ಆಗಲ್ಲ ಅನ್ಸತ್ತೆ. ಹಾಡೋದು... ನೋಡೋಣಮ್ಮ."

ಆ 'ನೋಡೋಣ'ವನ್ನೇ ಗಟ್ಟಿಯಾಗಿ ಹಿಡಿದುಕೊಂಡು ಆಪರೇಷನ್ ಥಿಯೇಟರಿಗೆ ಹೋದೆ.

ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ! ಕೂಗಿ ಸ್ತೋತ್ರ ಹೇಳಬೇಕು ಅನ್ನಿಸಿತು. ಆದರೆ ಕೂಗುವ ಹಾಗಿಲ್ಲ. ವಾಯ್ಸ್ ರೆಸ್ಟ್. ಒಂದು ವಾರ ತುಟಿ ಪಿಟಕ್ಕೆನ್ನಬಾರದು, ಪಿಸುಮಾತೂ ಕೂಡದು. ಆಮೇಲೆ ಸ್ಪೀಚ್ ಥೆರಪಿ. ಹಾಡಿನ ವಿಷಯವೆಲ್ಲ ತಿಂಗಳುಗಳು ಕಳೆದ ಮೇಲೆ. ಅಡುಗೆಮನೆಯಿಂದ ತಟ್ಟೆ ಬಡಿದು ಜಾನ್‌ರನ್ನು ಕರೆಯುತ್ತಿದ್ದೆ. "ಎಷ್ಟು ವರ್ಷದ ಪ್ರಾರ್ಥನೆ ಕಣೇ, ಈಗ ಉತ್ತರ ಸಿಕ್ತು" ಎಂದು ನಕ್ಕರು. ಸೌಟು ಎಸೆದೆ. ತಾಗಲಿಲ್ಲ, ಬಿಡಿ.

ಆದರೆ ಹೊಟ್ಟೆಯೊಳಗೆ ಕೊರಗು ಇದ್ದೇ ಇತ್ತು. ಹಾಡದಿದ್ದರೆ ಈ ಸಭೆಯಲ್ಲಿ ನಾನು ಯಾರು? ಆ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತೆ. ಕ್ವಾಯರ್ ನಾನಿಲ್ಲದೆ ಹಾಡಿತು, ಚೆನ್ನಾಗಿಯೇ ಹಾಡಿತು. ಅದಕ್ಕೇ ಇನ್ನಷ್ಟು ಅಳು ಬಂತು.

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಪ್ರಭುಭೋಜನ, ಪ್ರಭು ಶಿಷ್ಯರೊಡನೆ ಉಂಡ ಕೊನೆಯ ಊಟದ ನೆನಪು. ಒಂದು ಚೂರು ರೊಟ್ಟಿ, ಒಬ್ಬೊಬ್ಬರಿಗೂ ಹೆಬ್ಬೆರಳಷ್ಟು ಗಾಜಿನ ಲೋಟದಲ್ಲಿ ದ್ರಾಕ್ಷಾರಸ. ಹಿಂದಿನ ದಿನವೂ, ಮುಗಿದ ಮೇಲೂ ಆ ಲೋಟಗಳನ್ನು ಹಿಂದಿನ ಕೋಣೆಯಲ್ಲಿ ತೊಳೆಯುವವರು ಹುಣಸಮಾರನಹಳ್ಳಿಯಿಂದ ಬರುವ ರೂತಮ್ಮ. ಅಂದು ಭೋಜನ ಮುಗಿದಾಗ ಅವರು ಬಂದು ನನ್ನ ತೋಳು ಹಿಡಿದರು.

"ಬಾಯ್ಗೆ ರಜಾ ಕೊಟ್ಟವ್ರೆ, ಕೈಗೇನ್ ಕೊಟ್ಟಿಲ್ವಲ್ಲ. ಬನ್ನಿ ಇಂದುಗಡೆ."

ಕೈ ಅಲ್ಲಾಡಿಸಿ ಒಲ್ಲೆ ಅಂದೆ. ಕ್ವಾಯರ್ ಲೀಡರ್ ಲೋಟ ತೊಳೆಯುವುದೇ?

"ಶಿಷ್ಯರ ಕಾಲು ತೊಳೆದ ಪ್ರಭು ಮನೆ ಇದು ಸುಗುಣಮ್ಮ. ಲೋಟ ತೊಳೆದ್ರೆ ಏನಂತೆ?"

ವಾದ ಮಾಡಲು ದನಿ ಇರಲಿಲ್ಲ. ಹೋದೆ.

ಮುಂದಿನ ತಿಂಗಳ ಹೊತ್ತಿಗೆ ರೂತಮ್ಮ ಬಾಣಂತನಕ್ಕೆಂದು ಮಗಳ ಊರು ಮಾಕಳಿಗೆ ಹೋಗಿದ್ದರು. ಲೋಟಗಳ ಜವಾಬ್ದಾರಿ ನನ್ನದೇ! ಅವರು ಬರೀ ಬಿಸಿನೀರಲ್ಲಿ ತೊಳೆಯುತ್ತಿದ್ದರು. ನನಗೆ ಅಷ್ಟು ಸಾಲದು. ಹಾಡಿಲ್ಲದಿದ್ದರೆ ಲೋಟವಾದರೂ ಕಣ್ಣು ಕುಕ್ಕಲಿ ಎಂದು ಶನಿವಾರ ನಿಂಬೆ ವಾಸನೆಯ ಪಾತ್ರೆ ಸೋಪು ಸುರಿದು, ನೊರೆ ಎಬ್ಬಿಸಿ, ಬಕೆಟ್ಟಿನ ನೀರಲ್ಲಿ ಒಂದೇ ಸಲ ಅದ್ದಿ ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದೆ. ಅಬ್ಬಾ, ಏನು ಮಿಂಚು!

ಭಾನುವಾರ ಪಾಸ್ಟರ್ ಪ್ರಾರ್ಥಿಸಿದರು. ಎಲ್ಲರೂ ಒಟ್ಟಿಗೆ ಕುಡಿದರು. ಮುಂದಿನ ಸಾಲಿನ ತಾತ ಮುಖ ಕಿವುಚಿದರು. ಕ್ವಾಯರ್‌ನಲ್ಲಿ ಯಾರೋ ಕೆಮ್ಮಿದರು. ಪಾಸ್ಟರ್ ಕಣ್ಣು ಮುಚ್ಚಿಕೊಂಡೇ ಹುಬ್ಬೇರಿಸಿದರು. ನಾನೂ ಕುಡಿದೆ.

ಸೋಪು!

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಗಿಲಲ್ಲಿ ಪಾಸ್ಟರ್ ಕೈ ಕುಲುಕಿ, "ಈ ಸಲ ಎಲ್ರ ಒಳಗೂ ಕ್ಲೀನ್ ಆಯ್ತು ಸುಗುಣಮ್ಮ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮುಖ ಮುಚ್ಚಿಕೊಂಡು ಬಸ್‌ಸ್ಟಾಪಿನ ಕಡೆ ಓಡಿದೆ, ಹಿಂದೆಯೇ ಜಾನ್ ಬಂದರು. ಅರ್ಧ ದಾರಿಯಲ್ಲಿ ಏನೋ ಹೊಳೆದು ನಿಂತುಬಿಟ್ಟೆ. ಜಾನ್‌ರ ತೋಳು ಹಿಡಿದು ಜಗ್ಗಿದೆ.

"ರೀ, ಇಷ್ಟು ವರ್ಷ ನಾನು ಎಷ್ಟು ಸಲ ಅಪಸ್ವರ ಹಾಡಿದೀನಿ, ಯಾರಿಗಾದ್ರೂ ಗೊತ್ತಾಯ್ತಾ? ಇವತ್ತು ನೋಡಿ, ಒಬ್ರೂ ತಪ್ಪಿಸ್ಕೊಳ್ಳಲಿಲ್ಲ!"

"ಮೆಲ್ಲಗೆ ಮಾತಾಡೇ, ಡಾಕ್ಟ್ರು ಬೈತಾರೆ. ಇದಕ್ಕೂ ಖುಷಿ ಪಡ್ತೀಯಾ?"

ಹೌದು, ಖುಷಿಯೇ! ಕುಣಿಯುವಷ್ಟು ಖುಷಿ. ಹಿಂದಿನ ಕೋಣೆಯ ಒಂದು ಬಕೆಟ್ಟಿನಿಂದ ಹೊರಟ ಕೆಲಸ ಪಾಸ್ಟರ್ ತುಟಿಯಿಂದ ಹಿಡಿದು ಬಾಗಿಲಲ್ಲಿ ಚಪ್ಪಲಿ ಜೋಡಿಸುವವರ ತುಟಿಯವರೆಗೂ ಮುಟ್ಟಿತ್ತು. ರೂತಮ್ಮನ ಕೆಲಸವೂ ಇಷ್ಟು ವರ್ಷ ಹಾಗೆಯೇ ಎಲ್ಲರನ್ನೂ ಮುಟ್ಟಿದೆ. ಬೇರೆ ರುಚಿ ಹತ್ತದ ಹಾಗೆ ಅವರು ತೊಳೆದದ್ದರಿಂದ ನಮಗದು ಗೊತ್ತಾಗಲಿಲ್ಲ, ಅಷ್ಟೆ. ಉಪದೇಶ ಮಾಡುವುದು, ಹಾಡುವುದು, ಲೋಟ ತೊಳೆಯುವುದು, ಎಲ್ಲವೂ ಒಂದೇ ಮೇಜಿನ ಸೇವೆ. ದನಿ ಹೋದರೂ ನಾನು ಆ ಮೇಜಿನಿಂದ ಎದ್ದು ಹೋಗಿರಲಿಲ್ಲ.

ಈಗ ದನಿ ಬಂದಿದೆ. ಪೂರ್ತಿ ಅಲ್ಲ. ಮೇಲಿನ ಸ್ವರಗಳು ಹೋದವು, ಬೇಜಾರಿಲ್ಲ ಎಂದರೆ ಸುಳ್ಳಾಗುತ್ತದೆ. "ಸ್ವಲ್ಪ ಸ್ವಲ್ಪ ಹಾಡಿ, ಹಟ ಮಾಡ್ಬೇಡಿ" ಎಂದಿದ್ದಾರೆ ಡಾಕ್ಟರ್. ಕ್ವಾಯರ್‌ನ ಎರಡನೇ ಸಾಲಿನಲ್ಲಿ ನಿಂತು ಕೆಳಗಿನ ಸ್ವರ ಹಾಡುತ್ತೇನೆ. ಲೋಟಗಳನ್ನು ಮಾತ್ರ ಬಿಟ್ಟುಕೊಟ್ಟಿಲ್ಲ.

ಹೋದ ಪ್ರಭುಭೋಜನಕ್ಕೆ ರೂತಮ್ಮ ವಾಪಸ್ ಬಂದಿದ್ದರು. ಶನಿವಾರ ಇಬ್ಬರೂ ಸೇರಿ ಬಿಸಿನೀರಲ್ಲಿ ಲೋಟ ತೊಳೆದೆವು. ನಾನು ಒಂದೊಂದನ್ನೂ ಮೂಗಿಗೆ ಹಿಡಿದು ನೋಡಿದೆ, ಅವರು ನಕ್ಕಿದ್ದೇ ನಕ್ಕಿದ್ದು. ಭಾನುವಾರ ಸಭೆಯೆಲ್ಲ ಲೋಟ ಎತ್ತಿದಾಗ ನನ್ನ ಎದೆ ಡವಡವ ಹೊಡೆದುಕೊಂಡಿತು. ಒಬ್ಬಳೇ ನಿಂತು ಹಾಡುವಾಗಲೂ ಅಷ್ಟು ಹೊಡೆದುಕೊಂಡಿದ್ದಿಲ್ಲ.

ಎಲ್ಲರೂ ಕುಡಿದರು.

ಯಾರೂ ಮುಖ ಕಿವುಚಲಿಲ್ಲ.