ನನ್ನ ಕಿವಿ ಮತ್ತು ಕಾರಿನ ರೇಡಿಯೋ

ನನ್ನ ಕಿವಿಯ ಬಗ್ಗೆ ಯಾರಾದರೂ ಸಂಶಯಪಟ್ಟರೆ ನನಗೆ ಸಿಟ್ಟು ಬರುತ್ತದೆ. ಇಷ್ಟು ವರ್ಷ ನಾನು ಅನ್ನ ತಿಂದದ್ದೇ ಈ ಕಿವಿಯಿಂದ. ನಾನು ಅರಿವಳಿಕೆ ವೈದ್ಯ. ಸರ್ಜನ್ ರೋಗಿಯ ಹೊಟ್ಟೆಯೊಳಗೆ ಕೈಯಾಡಿಸುತ್ತಿರುವಾಗ ತಲೆಯ ಬಳಿ ಕೂತು ಮಾನಿಟರಿನ ಸದ್ದು ಆಲಿಸುವುದು ನನ್ನ ಕೆಲಸವಾಗಿತ್ತು. ರಕ್ತದಲ್ಲಿ ಆಮ್ಲಜನಕ ಇಳಿದರೆ ಆ ಬೀಪಿನ ಶ್ರುತಿಯೂ ಇಳಿಯುತ್ತದೆ. ಒಂದು ಎಳೆ ಇಳಿದರೂ ನನ್ನ ತಲೆ ತಾನಾಗಿ ಮೇಲೇಳುತ್ತಿತ್ತು. ಅಂಥವನಿಗೆ ತನ್ನ ಕಾರಿನ ರೇಡಿಯೋ ನಿಂತಿದೆಯೋ ಹಾಡುತ್ತಿದೆಯೋ ಗೊತ್ತಾಗುವುದಿಲ್ಲವಂತೆ.

ನಿವೃತ್ತನಾದ ಮೇಲೂ ಪ್ರತಿ ಬುಧವಾರ ಗೈದರ್ಸ್‌ಬರ್ಗಿನ ನಮ್ಮ ಮನೆಯಿಂದ ಹತ್ತಿರದ ಕೊಲಂಬಿಯಾ ಊರಿಗೆ ಹೋಗಿ, ಇನ್ಶೂರೆನ್ಸ್ ಇಲ್ಲದವರ ಉಚಿತ ಕ್ಲಿನಿಕ್ಕಿನಲ್ಲಿ ಅರ್ಧ ದಿನ ಕೂರುತ್ತೇನೆ. ದೊಡ್ಡ ಹೈವೇ ನನಗೆ ಬೇಡ. ರೂಟ್ 108 ಹಿಡಿದು, ಓಲ್ನಿ ದಾಟಿ, ಕುದುರೆ ಫಾರ್ಮುಗಳ ಪಕ್ಕದಲ್ಲಿ ಆರಾಮವಾಗಿ ಹೋಗುತ್ತೇನೆ. ಜೊತೆಗೆ ಸ್ಯಾಟಲೈಟ್ ರೇಡಿಯೋದಲ್ಲಿ ಹಳೆಯ ಜಾಝ್. ಈ ದೇಶಕ್ಕೆ ಬಂದ ಹೊಸದರಲ್ಲಿ ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ಹಾಕುತ್ತಿದ್ದ ಹಾಡಿನಿಂದ ಹತ್ತಿದ ಚಟ ಅದು.

ಕಳೆದ ವರ್ಷ ಮಾಗಿಕಾಲ ಮುಗಿಯುವ ಹೊತ್ತಿಗೆ ಈ ರೇಡಿಯೋ ನಡುನಡುವೆ ನಿಲ್ಲತೊಡಗಿತು. ಟ್ರಂಪೆಟ್ ಏರುತ್ತಾ ಏರುತ್ತಾ ಹೋಗಿ ಥಟ್ಟನೆ ಮಾಯ. ಪರದೆಯ ಮೇಲೆ ‘ಸಿಗ್ನಲ್ ಇಲ್ಲ’. ಒಂದೆರಡು ನಿಮಿಷಕ್ಕೆ ಏನೂ ಆಗದಂತೆ ಮತ್ತೆ ಶುರು.

ರೇಡಿಯೋ ಕಂಪನಿಗೆ ಫೋನ್ ಮಾಡಿದೆ. ಕಾರನ್ನು ಬಯಲಲ್ಲಿ ನಿಲ್ಲಿಸಿ, ರೇಡಿಯೋ ಹಾಕಿಡಿ, ಹೊಸದಾಗಿ ಸಿಗ್ನಲ್ ಕಳಿಸುತ್ತೇವೆ ಎಂದರು. ಹಾಗೇ ಮಾಡಿದೆ. ಮುಂದಿನ ಬುಧವಾರ ಮತ್ತೆ ಅದೇ ಕಥೆ. ಎರಡನೇ ಸಲ ಫೋನಿಗೆ ಸಿಕ್ಕಿದ ಹುಡುಗಿ ರಸ್ತೆಯ ಮರಗಳು ಅಡ್ಡ ಬರುತ್ತಿರಬೇಕು ಎಂದಳು. ‘ಮರ ಒಂದು ವಾರ ಅಡ್ಡ ಬಂದು ಇನ್ನೊಂದು ವಾರ ಪಕ್ಕಕ್ಕೆ ಸರಿಯುತ್ತದೆಯೇನಮ್ಮ?’ ಎಂದು ಕೇಳಿದೆ. ಅವಳು ಒಂದೊಂದೇ ಪದವನ್ನು ಬಿಡಿಸಿ, ಎತ್ತರದ ದನಿಯಲ್ಲಿ, ‘ಮನೆಯಲ್ಲಿ ನಾನು ಮಾತಾಡಬಹುದಾದ ಬೇರೆ ಯಾರಾದರೂ ಇದ್ದಾರೆಯೇ?’ ಎಂದಳು. ಮೈಯೆಲ್ಲ ಉರಿದುಹೋಯಿತು. ನಾನು ಫೋನ್ ಇಟ್ಟೆ.

ಡೀಲರ್ ಬಳಿ ಕಾರು ಬಿಟ್ಟೆ. ಅವರು ಮೇಲ್ಛಾವಣಿಯ ಆಂಟೆನಾ, ಅದರ ವೈರು, ಎಲ್ಲ ನೋಡಿ, ದಿನವಿಡೀ ಹಾಡಿಸಿ, ಏನೂ ತೊಂದರೆ ಇಲ್ಲ ಎಂದು ವಾಪಸು ಕೊಟ್ಟರು. ಇದನ್ನು ಮಗಳ ಮುಂದೆ ಹೇಳಿದ್ದೇ ನಾನು ಮಾಡಿದ ತಪ್ಪು.

ಮಗಳು ಇಲ್ಲೇ ಹುಟ್ಟಿದವಳು. ಡಿ.ಸಿ.ಯಲ್ಲಿ ವಕೀಲೆ. ವಾರಾಂತ್ಯಕ್ಕೆ ಬಂದಾಗ ನನ್ನ ಕಾರನ್ನು ಅವಳೇ ಓಡಿಸುತ್ತಾಳೆ, ನಾನು ಪಕ್ಕದಲ್ಲಿ ಕೂರುತ್ತೇನೆ. ಆಗ ರೇಡಿಯೋ ಒಂದು ಸಲವೂ ನಿಂತದ್ದಿಲ್ಲ.

“ಅಪ್ಪಾ, ಇಟ್ಸ್ ವರ್ಕಿಂಗ್ ಫೈನ್. ನಿಂಗೆ ಕೇಳಿಸ್ತಾ ಇಲ್ವೇನೋ,” ಎಂದಳು.

“ಟಿವಿನೂ ಊರಿಗೆಲ್ಲ ಕೇಳೋ ಹಾಗೆ ಇಟ್ಕೋತಾರೆ,” ಎಂದು ಹಿಂದಿನ ಸೀಟಿನಿಂದ ನನ್ನ ಹೆಂಡತಿ ಒಗ್ಗರಣೆ ಹಾಕಿದಳು.

ಸರಿ, ಕಿವಿ ಪರೀಕ್ಷೆಗೆ ಹೋದೆ. ನನ್ನ ವಯಸ್ಸಿಗೆ ಇದು ಬಹಳ ಒಳ್ಳೆಯ ಕಿವಿ ಎಂದು ಬರೆದುಕೊಟ್ಟರು. ಮಗಳಿಗೆ ಸಮಾಧಾನವಾಗಬೇಕಿತ್ತು. ಅವಳ ಮುಖ ಇನ್ನಷ್ಟು ಸಪ್ಪಗಾಯಿತು. ಕಿವಿ ಸರಿಯಿದ್ದರೆ ತಲೆ ಕೆಟ್ಟಿರಬೇಕಲ್ಲ. ನಾನೇ ಮ್ಯೂಟ್ ಒತ್ತಿ ನಾನೇ ಮರೆಯುತ್ತಿದ್ದೇನೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ‘ಅರಳುಮರಳು’ ಎನ್ನುವ ಪದ ಅವಳಿಗೆ ಗೊತ್ತಿಲ್ಲ. ಗೊತ್ತಿದ್ದರೆ ಅದನ್ನೇ ಹೇಳುತ್ತಿದ್ದಳು.

“ಒಂದು ಡ್ರೈವಿಂಗ್ ಇವ್ಯಾಲ್ಯುಯೇಷನ್ ಮಾಡ್ಸೋಣ ಅಪ್ಪಾ. ಗುರುವಾರಕ್ಕೆ ಬುಕ್ ಮಾಡಿದೀನಿ. ಅವರು ಓಕೆ ಅಂದ್ರೆ ಓಕೆ. ಇಲ್ಲಾಂದ್ರೆ ಕೀ ನಂಗೆ ಕೊಡು, ಪ್ಲೀಸ್.”

ನನ್ನ ಮಗಳು ನನ್ನ ಕಾರಿನ ಕೀ ಕೇಳಿದಳು. ಕೀ ಹೋದರೆ ಬುಧವಾರವೂ ಹೋಯಿತು. ಕ್ಲಿನಿಕ್ಕಿನಲ್ಲಿ ಯಾರೂ ನನ್ನ ಹತ್ತಿರ ಎತ್ತರದ ದನಿಯಲ್ಲಿ ಬಿಡಿಬಿಡಿಸಿ ಮಾತಾಡುವುದಿಲ್ಲ, ಅಲ್ಲಿ ನಾನಿನ್ನೂ ಡಾಕ್ಟರ್.

ಗುರುವಾರಕ್ಕೆ ಮುಂಚಿನ ಬುಧವಾರ ಓಲ್ನಿ ದಾಟುತ್ತಿದ್ದಂತೆ ರೇಡಿಯೋ ಮತ್ತೆ ನಿಂತಿತು. ಇವತ್ತು ಬಿಡುವುದಿಲ್ಲ ಎಂದು ಒಂದು ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿಗೆ ಕಾರು ತಿರುಗಿಸಿದೆ. ಆಗಲೇ ಕಂಪನಿಗೆ ಫೋನ್ ಮಾಡಿ ಈ ಮೌನವನ್ನು ಅವರಿಗೇ ಕೇಳಿಸುವ ಹಟ ನನಗೆ. ನೋಡಿದರೆ ಫೋನಿನ ಚಾರ್ಜ್ ಮುಗಿಯುತ್ತಾ ಬಂದಿತ್ತು. ಕಾರಿನ ಚಾರ್ಜರಿನಲ್ಲಿ ಕನ್ನಡಿಯ ಪಕ್ಕದ ಕ್ಯಾಮೆರಾದ ವೈರು ಸಿಕ್ಕಿಸಿತ್ತು. ಅಪಘಾತವಾದರೆ ಸಾಕ್ಷಿಗಿರಲಿ ಎಂದು ಆ ಮಾಗಿಯಲ್ಲಿ ನನ್ನ ಹುಟ್ಟುಹಬ್ಬಕ್ಕೆ ಮಗಳು ಕೊಟ್ಟ ಕ್ಯಾಮೆರಾ ಅದು. ಅದನ್ನು ಕಿತ್ತು ಫೋನಿನ ವೈರು ಸಿಕ್ಕಿಸಿದೆ.

ರೇಡಿಯೋ ಬಾಯಿ ಬಿಟ್ಟಿತು.

ಏನಾಯಿತು ಎಂದು ಯೋಚಿಸುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮಗಳು. ಕೆಲಸದ ಹೊತ್ತಿನಲ್ಲಿ ಅವಳು ಎಂದೂ ಫೋನ್ ಮಾಡುವವಳಲ್ಲ.

“ಅಪ್ಪಾ, ಆರ್ ಯು ಓಕೆ? ಕ್ಯಾಮೆರಾ ಯಾಕೆ ಆಫ್ ಆಯ್ತು?”

“ಆಫ್ ಆಗಿದ್ದು ನಿನಗೆ ಹೇಗೆ ಗೊತ್ತಾಯ್ತು?”

ವಿಷಯ ಒಂದೊಂದಾಗಿ ಹೊರಬಂತು. ಆ ಕ್ಯಾಮೆರಾಕ್ಕೆ ಒಳಮುಖವಾಗಿಯೂ ಒಂದು ಕಣ್ಣಿದೆ. ಅದಕ್ಕೆ ತನ್ನದೇ ಸಿಮ್ ಕಾರ್ಡ್ ಇದೆ. ಅವಳು ಆಫೀಸಿನಲ್ಲಿ ಫೋನ್ ತೆರೆದರೆ ಸ್ಟಿಯರಿಂಗ್ ಹಿಂದೆ ಕೂತ ನಾನು ಕಾಣುತ್ತೇನೆ.

“ನೀನು ನಿದ್ದೆ ಮಾಡ್ತಿಲ್ಲ ತಾನೇ ಅಂತ ನೋಡ್ತೀನಿ, ಅಷ್ಟೇ. ಐ ವರಿ, ಅಪ್ಪಾ.”

“ಈಗ ನೋಡ್ತಾ ಇದ್ಯಾ?”

“ಹೂಂ. ನೋಡ್ತಾ ಇದ್ದೆ, ಕಟ್ ಆಯ್ತು.”

ನನಗೆ ಸಿಟ್ಟು ಏರಿತ್ತು. ಆದರೂ ಹಳೆಯ ಅಭ್ಯಾಸ ಬಿಡಲಿಲ್ಲ. ಒಂದು ಔಷಧಿಯ ಮೇಲೆ ಸಂಶಯ ಬಂದರೆ ಅದನ್ನು ನಿಲ್ಲಿಸಿ ನೋಡಬೇಕು, ಮತ್ತೆ ಕೊಟ್ಟು ನೋಡಬೇಕು. ಫೋನಿಗೆ ಅಷ್ಟರಲ್ಲಿ ಒಂಚೂರು ಚಾರ್ಜ್ ಏರಿತ್ತು. ಕ್ಯಾಮೆರಾದ ವೈರನ್ನು ಮತ್ತೆ ಸಿಕ್ಕಿಸಿ ಕಾದೆ. ರೇಡಿಯೋ ಹಾಡುತ್ತಲೇ ಇತ್ತು.

“ಹಾಡು ಕೇಳಿಸ್ತಾ ಇದ್ಯಾ ನಿನಗೆ?”

“ಕೇಳಿಸ್ತಾ ಇದೆ.”

“ಈಗ ನಿನ್ನ ಫೋನಿನಲ್ಲಿ ಕ್ಯಾಮೆರಾ ತೆಗೆದು ನೋಡು ನನ್ನನ್ನ.”

ಟ್ರಂಪೆಟ್ ಕತ್ತರಿಸಿದಂತೆ ನಿಂತಿತು. ಪರದೆಯ ಮೇಲೆ ‘ಸಿಗ್ನಲ್ ಇಲ್ಲ’.

“ಈಗ ಮುಚ್ಚು.”

ಹಾಡು ಬಂತು.

“ಇನ್ನೊಂದ್ಸಲ ತೆಗಿ.”

ನಿಂತಿತು. ಕ್ಯಾಮೆರಾ ನನ್ನ ಮುಖವನ್ನು ಅವಳಿಗೆ ಕಳಿಸುವ ಗದ್ದಲದಲ್ಲಿ ಆಕಾಶದ ಉಪಗ್ರಹದಿಂದ ಬರುವ ರೇಡಿಯೋದ ಸಣ್ಣ ದನಿ ಮುಚ್ಚಿಹೋಗುತ್ತಿತ್ತು. ಡೀಲರ್ ಬಳಿ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಮಗಳು ಪಕ್ಕದಲ್ಲೇ ಕೂತಿದ್ದಾಗ ಫೋನಿನಲ್ಲಿ ನೋಡಬೇಕಾಗಿರಲಿಲ್ಲ. ಉಳಿದಂತೆ ರೇಡಿಯೋ ನಿಂತಾಗಲೆಲ್ಲ ಅವಳು ನೋಡುತ್ತಿದ್ದಳು.

“ಓ ಗಾಡ್. ಪ್ರತಿ ಸಲ ನಾನೇನಾ?”

“ಹೌದು, ನೀನೇ. ನಿನ್ನ ಮಾತು ಕೇಳಿ ನಾನು ಕಿವಿ ಪರೀಕ್ಷೆ ಮಾಡಿಸ್ಕೊಂಡೆ. ತಲೆ ನೆಟ್ಟಗಿದ್ಯಾ ಅಂತ ಕನ್ನಡಿ ಮುಂದೆ ನಿಂತು ಪ್ರಧಾನಮಂತ್ರಿಗಳ ಹೆಸರು ಹೇಳ್ಕೊಂಡೆ. ನಾನೂ ಜೀವಮಾನವೆಲ್ಲ ಇನ್ನೊಬ್ಬರ ಮುಖ ಕಾಯ್ಕೊಂಡು ಕೂತವನೇ, ಮಗಳೇ. ಆದ್ರೆ ಮೊದಲು ಅವರ ಒಪ್ಪಿಗೆ ಕೇಳ್ತಿದ್ದೆ.”

ಆ ಕಡೆ ಅವಳು ಅಳುತ್ತಿದ್ದಳು. ನನಗೆ ಕರುಣೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟು ಇಳಿಯಿತು ಎಂದರೂ ಸುಳ್ಳೇ. ಕ್ಯಾಮೆರಾವನ್ನು ಗಾಜಿನಿಂದ ಕಿತ್ತು ಪಕ್ಕದ ಸೀಟಿನ ಮೇಲೆ ಹಾಕಿದೆ.

“ಸಾರಿ ಅಪ್ಪಾ. ನಾಳೆ ಟೆಸ್ಟ್ ಕ್ಯಾನ್ಸಲ್ ಮಾಡ್ತೀನಿ,” ಎಂದಳು.

“ಮಾಡಬೇಡ. ಹೋಗ್ತೀನಿ, ಪಾಸೂ ಆಗ್ತೀನಿ. ಅದಾದ್ಮೇಲೂ ನನ್ನ ಡ್ರೈವಿಂಗ್ ನೋಡಬೇಕು ಅನ್ಸಿದ್ರೆ ಬುಧವಾರ ರಜಾ ಹಾಕಿ ಬಂದು ಪಕ್ಕದಲ್ಲಿ ಕೂತ್ಕೋ.”