ಲಾರ್ಕ್‌ಸ್ಪರ್‌ನ ಹಿಂಬಾಗಿಲಿಗೆ ಬಂದ ಬಸ್ಸು

ಶಾಲೆಗೆ ಬಾರದ ಮಗುವಿಗೆ ಶಾಲೆ ಏನನ್ನೂ ಕಲಿಸಲಾರದು. ಇಷ್ಟನ್ನು ಅರ್ಥ ಮಾಡಿಕೊಳ್ಳಲು ನಮ್ಮ ವೆಸ್ಟ್ ಹಾರ್ಲನ್ನಿನ ಶಾಲಾ ಮಂಡಳಿಗೆ ಒಬ್ಬ ಬಸ್ ಚಾಲಕಿ ಬೇಕಾದಳು.

ಬರ್ನಡೆಟ್ ಕೊಕುರೆಕ್ ಆಕೆಯ ಹೆಸರು. ಮಕ್ಕಳ ಬಾಯಲ್ಲಿ ಮಿಸ್ ಬರ್ನಿ. ಬೋಲ್ಟು ಕಾರ್ಖಾನೆ ಬಾಗಿಲು ಹಾಕಿದ ವರ್ಷ ಹಳದಿ ಬಸ್ಸಿನ ಸ್ಟಿಯರಿಂಗ್ ಹಿಡಿದವಳು, ಇಪ್ಪತ್ತೊಂಬತ್ತು ವರ್ಷ ಬಿಡಲಿಲ್ಲ. ಬೆಳಿಗ್ಗೆ ರೇಡಿಯೋದಲ್ಲಿ ಪೋಲ್ಕಾ ಕುಣಿತದ ಸಂಗೀತ ಹಾಕಿಕೊಂಡು ಹೆಬ್ಬೆರಳಲ್ಲಿ ತಾಳ ಕುಟ್ಟುತ್ತಿದ್ದಳು. ಸೀಟಿನ ಹಿಂದೆ ಜೋಡಿ ತಪ್ಪಿದ ಕೈಗವಸುಗಳ ಚೀಲ. ಕೈ ತಣ್ಣಗಾದ ಮಗುವಿಗೆ ಒಂದು ಕೆಂಪು, ಒಂದು ನೀಲಿ. ಕ್ರಿಸ್‌ಮಸ್ ರಜೆಯ ಹಿಂದಿನ ದಿನ ಏಪ್ರಿಕಾಟ್ ತುಂಬಿದ ಕೊಲಾಚಿ ಎಂಬ ಸಿಹಿ ತಿನಿಸು ಮಾಡಿ ತಂದು ಹಂಚುತ್ತಿದ್ದಳು. ಹಿಂದೆ ಕೆಮ್ಮಿದ್ದು ಯಾರೆಂದು ಕನ್ನಡಿ ನೋಡದೆ ಹೇಳುತ್ತಿದ್ದಳು.

ಪ್ರತಿ ಸೆಪ್ಟೆಂಬರಿನಲ್ಲಿ ಒಹಾಯೋ ರಾಜ್ಯ ತನ್ನ ಆರುನೂರು ಚಿಲ್ಲರೆ ಶಾಲಾ ಜಿಲ್ಲೆಗಳಿಗೆ ಸಾಧನೆಗೆ ತಕ್ಕ ನಕ್ಷತ್ರ ಹಂಚುತ್ತದೆ, ಪತ್ರಿಕೆಗಳು ಆ ಜಿಲ್ಲೆಗಳನ್ನೆಲ್ಲ ಮೇಲಿನಿಂದ ಕೆಳಗೆ ಸಾಲಾಗಿ ನಿಲ್ಲಿಸುತ್ತವೆ. ಹೋದ ವರ್ಷ ನಾವು ನಾನೂರ ಹನ್ನೆರಡನೆಯವರು. ರಸ್ತೆಯಾಚೆಯ ಬ್ರಯರ್‌ಫೀಲ್ಡ್ ಒಂಬತ್ತನೆಯದು. ಅಲ್ಲಿ ಮನೆಗಳ ಬೆಲೆ ನಮ್ಮದರ ಮೂರು ಪಟ್ಟು. ಹಾಗಾದರೆ ಈ ಪಟ್ಟಿ ಅಳೆಯುವುದು ಮೇಷ್ಟರನ್ನೋ, ಮನೆಯ ಚಾವಣಿಯನ್ನೋ? ಉತ್ತರ ಎಲ್ಲರಿಗೂ ಗೊತ್ತು, ಆದರೂ ಮನೆ ಕೊಳ್ಳುವವರು ಮೊದಲು ತೆರೆಯುವುದು ಅದೇ ಪಟ್ಟಿಯನ್ನು. ಮಂಡಳಿಯ ಅಧ್ಯಕ್ಷ ಗಾರ್ಡನ್ ಟಿಸ್‌ಡೇಲ್ ಮನೆ ಮಾರಿಸುವ ದಲ್ಲಾಳಿ. ಆತನಿಗೆ ಆ ಸಂಖ್ಯೆ ವರ್ಷವಿಡೀ ಹಲ್ಲುನೋವು.

ನಮ್ಮನ್ನು ಹೆಚ್ಚು ಕೆಳಗೆಳೆದದ್ದು ಗೈರುಹಾಜರಿ. ಟಿಸ್‌ಡೇಲ್ ಕಂಡುಕೊಂಡ ಮದ್ದು, ದೀಪದ ಕಂಬಕ್ಕೊಂದು ಬ್ಯಾನರ್: ಹಾಜರಾತಿಯೇ ನಮ್ಮ ಹೆಮ್ಮೆ. ಬ್ಯಾನರ್ ಓದಿ ಯಾವ ಮಗುವೂ ಶಾಲೆಗೆ ಬರಲಿಲ್ಲ.

ಬಾರದವರು ಯಾರೆಂದು ಬರ್ನಿಗೆ ಗೊತ್ತಿತ್ತು. ಲಾರ್ಕ್‌ಸ್ಪರ್ ಅಪಾರ್ಟ್‌ಮೆಂಟಿನ ಹಿಂಬದಿ ಕಟ್ಟಡಗಳ ನಲವತ್ತೊಂದು ಮಕ್ಕಳು. ನಮ್ಮಲ್ಲಿ ಮನೆ ಎರಡು ಮೈಲಿಗಿಂತ ದೂರವಿದ್ದರೆ ಬಸ್ಸು, ಇಲ್ಲವಾದರೆ ನಡಿಗೆ. ಕಚೇರಿಯವರು ಲಾರ್ಕ್‌ಸ್ಪರ್‌ನ ಮುಂದಿನ ಗೇಟಿನಿಂದ ಅಳೆದು, ಒಂದು ಮುಕ್ಕಾಲು ಮೈಲಿ ಎಂದು ಬರೆದು ಕೈತೊಳೆದುಕೊಂಡಿದ್ದರು. ಆ ಗೇಟಿನಲ್ಲಿ ವಾಸವಾಗಿರುವುದು ಅಂಚೆ ಡಬ್ಬಿಗಳು ಮಾತ್ರ. ಮಕ್ಕಳು ಹಿಂದಿನಿಂದ ಕೊಳ ಸುತ್ತಿಕೊಂಡು ಅಲ್ಲಿಗೆ ಬರಬೇಕು, ಆಮೇಲೆ ಕಾಲುದಾರಿಯೇ ಇಲ್ಲದ ಲಾರಿ ರಸ್ತೆ. ಹಿಮ ಬಿದ್ದ ಬೆಳಿಗ್ಗೆ ಯಾವ ತಾಯಿ ಕಳಿಸುತ್ತಾಳೆ? ಡಿಸೆಂಬರಿಗೆ ಬರ್ನಿಯ ನಿವೃತ್ತಿ. ಅಷ್ಟರೊಳಗೆ ಆ ಹಿಂಬದಿಯಲ್ಲೊಂದು ನಿಲ್ದಾಣ ಮಾಡಿಸಲೇಬೇಕೆಂದು ಆಕೆ ಹಟ ಹಿಡಿದಳು.

ಮಂಡಳಿಯ ಅಕ್ಟೋಬರ್ ಸಭೆಯಲ್ಲಿ ಮಾತಾಡಬೇಕೆಂದು ಚೀಟಿ ಬರೆದುಕೊಟ್ಟು, ಸಾರ್ವಜನಿಕರಿಗೆ ಸಿಗುವ ಮೂರು ನಿಮಿಷಕ್ಕೆ ಎದ್ದು ನಿಂತಳು.

"ಗಾರ್ಡನ್, ನಾಲ್ಕು ವರ್ಷ ನಿನ್ನನ್ನ ಶಾಲೆಗೆ ಬಿಟ್ಟೋಳು ನಾನು. ದಿನಾ ಲೇಟು ನೀನು, ಒಂದು ಶೂ ಕೈಲಿ, ಒಂದು ಕಾಲಲ್ಲಿ. ದಿನಾ ಕಾದಿದ್ದೀನಿ. ಈಗ ಒಂದ್ಸಲ ನೀವು ಐದೂ ಜನ ನನ್ನ ಬಸ್ ಹತ್ತಿ, ನೋಡ್ಕೊಂಡು ಬನ್ನಿ."

ಟಿಸ್‌ಡೇಲ್ ಕಿವಿ ಕೆಂಪಾಯಿತು. ಮಂಡಳಿಯ ಮೂವರು ಎಲ್ಲೇ ಒಟ್ಟಿಗೆ ಕೂತು ಶಾಲೆಯ ವಿಷಯ ಎತ್ತಿದರೂ ಕಾನೂನಿನ ಪ್ರಕಾರ ಅದು ಸಭೆ, ಮೊದಲೇ ನೋಟಿಸು ಹಾಕಬೇಕು, ಊರಿನವರನ್ನೆಲ್ಲ ಒಳಗೆ ಬಿಡಬೇಕು ಎಂದು ವಿವರಿಸಿದ. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದ.

"ಹಾಕು ಮತ್ತೆ ನೋಟಿಸು," ಎಂದಳು ಬರ್ನಿ. "ನನ್ನ ಬಸ್ಸಲ್ಲಿ ಎಪ್ಪತ್ತೆರಡು ಸೀಟಿದೆ. ನಿಮ್ಮ ಸಭೆಗೆ ಯಾವತ್ತಾದ್ರೂ ಇಷ್ಟು ಜನ ಬಂದಿದ್ರಾ?"

ಹಾಗಾಗಿ ನವೆಂಬರಿನ ಒಂದು ಮಂಗಳವಾರ, ಬೆಳಿಗ್ಗೆ ಏಳಕ್ಕೆ, ನಮ್ಮ ಶಾಲಾ ಮಂಡಳಿ ಬಸ್ಸಿನಲ್ಲಿ ಸೇರಿತು. ಐವರು ದೊಡ್ಡ ಮನುಷ್ಯರು ಮಕ್ಕಳ ಸೀಟಿನಲ್ಲಿ ಮಂಡಿ ಮಡಚಿ ಕೂತರು. ನಡಾವಳಿ ಬರೆಯುವಾಕೆಯ ಪೆನ್ನು ಗುಂಡಿಗೊಮ್ಮೆ ಕುಣಿಯಿತು. ಶಾಲೆಯ ಬಾಗಿಲಲ್ಲಿ ಮೈಲಿ ಮೀಟರನ್ನು ಸೊನ್ನೆಗೆ ತಂದು ಹೊರಟ ಬರ್ನಿ, ಹಿಂಬದಿಯ ಮೊದಲ ಕಟ್ಟಡದ ಮುಂದೆ ಬ್ರೇಕ್ ಹಾಕಿದಾಗ ಅದು ತೋರಿಸಿದ್ದು ಎರಡು ಪಾಯಿಂಟ್ ಮೂರು. ಐವರೂ ಸಾಲಾಗಿ ಬಂದು, ಬಗ್ಗಿ ನೋಡಿದರು. ಅಷ್ಟರಲ್ಲಿ ಕಾಫಿ ಲೋಟ ಹಿಡಿದ ತಾಯಂದಿರು, ಮಕ್ಕಳು ಹತ್ತಿ ಬಸ್ಸು ಗಿಜಿಗುಟ್ಟಿತು.

ಸಾರ್ವಜನಿಕರ ಸರದಿಗೆ ಬಂದ ಚೀಟಿ ಒಂದೇ: ಒಡೆಸ್ಸಾ ಪ್ರೂಯಿಟ್, ವಯಸ್ಸು ಎಂಟು.

"ಮಿಸ್ಟರ್ ಟಿಸ್‌ಡೇಲ್, ಹೋದ ವರ್ಷ ನಾನು ಇಪ್ಪತ್ತಮೂರು ದಿನ ಬರಲಿಲ್ಲ. ನಂಗೆ ಶಾಲೆ ಇಷ್ಟ. ಲಾರಿ ಅಂದ್ರೆ ಭಯ. ಅಷ್ಟೆ. ಉಳಿದ ಟೈಮ್ ನನ್ನ ತಂಗಿಗೆ ಕೊಡ್ತೀನಿ."

ತಂಗಿ ಕೇಳಿದ್ದು ಒಂದೇ, ಹಾರ್ನ್ ಹೊಡೆಯಬಹುದಾ ಅಂತ. ಅದು ಕಾರ್ಯಸೂಚಿಯಲ್ಲಿಲ್ಲ ಎಂದ ಟಿಸ್‌ಡೇಲ್. ಹಿಂದಿನ ಸೀಟಿನ ಸದಸ್ಯೆ ಆಗಿಂದಾಗಲೇ ಅದನ್ನು ಸೇರಿಸಲು ಸೂಚಿಸಿದಳು. ಹಾರ್ನ್‌ಗೆ ಐದಕ್ಕೆ ಐದು ಮತ. ಆಮೇಲೆ ನಿಲ್ದಾಣಕ್ಕೂ ಐದಕ್ಕೆ ಐದು. ಹಾರ್ನಿನ ಸದ್ದಿಗೆ ಕೊಳದ ಬಾತುಗಳೆಲ್ಲ ಎದ್ದು ಹಾರಿದವು. ಟಿಸ್‌ಡೇಲ್ ಕೂಡ ನಕ್ಕ. ಆ ಮನುಷ್ಯನ ಬಗ್ಗೆ ಈ ಅಂಕಣದಲ್ಲಿ ನಾನು ಬರೆಯುವ ಒಂದೇ ಒಂದು ಒಳ್ಳೆಯ ಮಾತು ಇದು, ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಳ್ಳಲಿ.

ಬರ್ನಿ ಡಿಸೆಂಬರಿನಲ್ಲಿ ನಿವೃತ್ತಳಾಗಿ ಮನೆ ಸೇರಲಿಲ್ಲ. ಹೊಸ ದಾರಿಯನ್ನು ಬೇರೆಯವರ ಕೈಗೆ ಹೇಗೆ ಕೊಡೋದು ಎಂದು ಜೂನ್‌ವರೆಗೂ ತಾನೇ ಓಡಿಸಿದಳು. ಒಡೆಸ್ಸಾ ಆಮೇಲೆ ತಪ್ಪಿಸಿದ್ದು ಎರಡೇ ದಿನ, ಎರಡೂ ಜ್ವರಕ್ಕೆ. ಈ ಸೆಪ್ಟೆಂಬರಿನ ಪಟ್ಟಿಯಲ್ಲಿ ನಾವು ನಾನೂರ ಆರನೆಯವರು. ಟಿಸ್‌ಡೇಲ್ ಆರು ಮೆಟ್ಟಿಲು ಹತ್ತಿದೆವೆಂದು ಬ್ಯಾನರ್ ಮಾಡಿಸಿದ್ದಾನೆ. ನಲವತ್ತೊಂದು ಮಕ್ಕಳು ಬೆಚ್ಚಗೆ ಕೂತು ಪೋಲ್ಕಾ ಕೇಳುತ್ತಾ ಶಾಲೆಗೆ ಬಂದರು ಎಂದು ಬರೆಸಲು ಆತನಿಗೆ ಹೊಳೆಯಲಿಲ್ಲ.

ನಿಮ್ಮ ಶಾಲೆ ಎಷ್ಟನೆಯದು ಎಂದು ಪಟ್ಟಿ ಹುಡುಕುತ್ತಿದ್ದೀರಲ್ಲ, ಅದನ್ನು ಕೆಳಗಿಡಿ. ಇವತ್ತು ಯಾವ ಮಗು ಬರಲಿಲ್ಲ ಎಂದು ಕೇಳಿ ತಿಳಿದುಕೊಳ್ಳಿ. ನಾಳೆ ಬೆಳಿಗ್ಗೆ ಆ ಮಗುವಿನ ಮನೆ ಬಾಗಿಲಿನಿಂದ ಶಾಲೆಯವರೆಗೆ ನಿಮ್ಮ ಕಾಲಿನಲ್ಲೇ ನಡೆದು ನೋಡಿ.