ಹಿಂದೆ ನಿಂತು ಹಾಡಿದವರು

ಹೋದ ವಾರ ನಿಪ್ಪಾಣಿ ಬಸ್ ಸ್ಟ್ಯಾಂಡಿನ ಹೊರಗೆ ಯಾವುದೋ ಮೆರವಣಿಗೆಗೆ ಬಂದ ಹಲಗಿಯವರು ಹಳೆಯ ಪೇಪರಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸುತ್ತಿದ್ದರು. ಕಾಗದದ ಹೊಗೆ, ಬಿಸಿಯಾದ ತೊಗಲು, ಸ್ವಲ್ಪ ಸೀದ ಕೂದಲಿನಂಥ ವಾಸನೆ. ನಾನು ಹತ್ತಬೇಕಾದ ಚಿಕ್ಕೋಡಿ ಬಸ್ಸು ಎದುರಿಗೇ ಹೊರಟುಹೋಯಿತು. ಗೋಡೆಯಾಚೆಯ ಅಕ್ಕ ನೆನಪಾದರು... ಅದೂ ಪೂರ್ತಿ ನಿಜವಲ್ಲ. ಮೊದಲು ನೆನಪಾದದ್ದು ಅವರ ಕೆಮ್ಮು. ಮುಖ ಆಮೇಲೆ ಬಂತು, ಅರ್ಧಕ್ಕೇ ನಿಂತಿತು.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಅದೇ ನಿಪ್ಪಾಣಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಮ್ಮ ಬಾಡಿಗೆ ಮನೆಗೂ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ. ಹಗಲು ಅವರಿಗೆ ತಂಬಾಕಿನ ವಖಾರಿಯಲ್ಲಿ ಎಲೆ ಆರಿಸುವ ಕೆಲಸ. ಉಳಿದ ಹೊತ್ತು ಗೀಗೀ ಪದ. ಪದಕ್ಕೆ ಬಾರಿಸುವ ತೊಗಲಿನ ದಪ್ಪು ಕಾಯಿಸುವಾಗ ಅದರ ಹೊಗೆ ನಮ್ಮ ಅಡುಗೆಮನೆಗೆ ಬರುತ್ತಿತ್ತು.

ನಮ್ಮ ಕಡೆ ಗೀಗೀ ಎಂದರೆ ಬರೀ ಹಾಡಲ್ಲ, ವಾದ. ಒಂದು ಮೇಳ ಗಂಡು ಹೆಚ್ಚು ಎನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ. ಹಾಡಿನಲ್ಲೇ ಸವಾಲು, ಹಾಡಿನಲ್ಲೇ ಜವಾಬು. ಅಕ್ಕ ಹೆಣ್ಣಿನ ಪಕ್ಷ. ಆ ಮೇಳಗಳಲ್ಲಿ ಸೋಲಿಗೂ ಒಂದು ರಿವಾಜು ಇತ್ತು: ಜವಾಬು ಸಿಗದವರು ಎದುರಿನವರ ಬೆನ್ನ ಹಿಂದೆ ನಿಂತು ಅವರ ಪಲ್ಲವಿಗೆ ದನಿಗೂಡಿಸಬೇಕು. ಐಗಳಿಯಿಂದ ಸದಲಗಾದವರೆಗೆ ಹಾಡಿದ್ದ ಅಕ್ಕ ಒಮ್ಮೆಯೂ ಹಾಗೆ ನಿಂತಿರಲಿಲ್ಲ. "ಯಾರ ಹಿಂದೂ ನಿಲ್ಲದಾಕಿ" ಎಂದೇ ಮೈಕಿನಲ್ಲಿ ಅವರನ್ನು ಕರೆಯುತ್ತಿದ್ದರು. ಆ ಮಾತು ಮುಗಿಯುವವರೆಗೆ ಅವರು ವೇದಿಕೆಯ ಮೆಟ್ಟಿಲಲ್ಲೇ ನಿಂತಿರುತ್ತಿದ್ದರು, ಪೂರ್ತಿ ಕೇಳಿಸಿಕೊಂಡೇ ಮೇಲೆ ಹತ್ತುತ್ತಿದ್ದರು.

ಆ ವರ್ಷ ಊರಿನ ಹೈಸ್ಕೂಲು ಮೈದಾನದಲ್ಲಿ ಅಂತರರಾಷ್ಟ್ರೀಯ ಸಂಗೀತೋತ್ಸವ ನಡೆಯಿತು. ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಕೂಡಬಹುದು. ಹೊರದೇಶದ ಒಬ್ಬರು, ಇಲ್ಲಿಯ ಒಬ್ಬರು ಜೋಡಿಯಾಗಿ ಹಾಡಬೇಕು ಎಂಬುದು ಸಂಘಟಕರ ವಿಚಾರ. ಇಲ್ಲಿಯವರೆಂದು ಅಕ್ಕನನ್ನು ಆರಿಸಿ, ಪೋಸ್ಟರಿನಲ್ಲಿ ಅವರ ಮತ್ತು ಹೊರದೇಶದ ಅತಿಥಿಯ ಫೋಟೊಗಳನ್ನು ಎದುರುಬದುರು ಹಾಕಿದ್ದರು. ಗೀಗೀ ಮೇಳಗಳ ಪೋಸ್ಟರು ಇರುವುದೂ ಹಾಗೆಯೇ. ಹೀಗಾಗಿ ರಾಯಬಾಗದ ಕಡೆಯಿಂದ ಟ್ರ್ಯಾಕ್ಟರು ಹತ್ತಿ ಬಂದ ಮಂದಿ ಸವಾಲು ನೋಡಲಿಕ್ಕೇ ಬಂದಿದ್ದರು. ಅಕ್ಕನೂ ಹಾಗೆಯೇ ತಿಳಿದಿದ್ದರು. ನನಗೆ ದುಭಾಷಿಯ ಕೆಲಸ ಹಚ್ಚಿದ್ದರು.

"ಸರ, ಆಕಿ ಯಾವ ಪಕ್ಷರಿ? ಗಂಡಿಂದೋ, ಹೆಣ್ಣಿಂದೋ?"

"ಪಕ್ಷ ಇಲ್ರಿ ಅಕ್ಕಾ. ಇಬ್ರೂ ಕೂಡಿ ಹಾಡೂದು."

"ಕೂಡಿ ಹಾಡಾಕ ಅಷ್ಟ ದೂರದಿಂದ ಯಾಕ ಬರ್ತಾಳ್ರಿ? ಅವರ ಊರಾಗ ಮಂದಿ ಇಲ್ಲೇನು?"

ಅತಿಥಿಗೆ ನಮ್ಮ ಸೋಲಿನ ರಿವಾಜನ್ನು ಮೊದಲೇ ತಿಳಿಸಬೇಕೆಂದು ನನಗೆ ಹೊಳೆಯಲಿಲ್ಲ. ಅಥವಾ ಹೊಳೆದಿತ್ತೇನೋ, ಅಷ್ಟೆಲ್ಲ ಇಂಗ್ಲಿಷಿನಲ್ಲಿ ಯಾರು ಹೇಳುವುದು ಎಂದು ಬಿಟ್ಟಿದ್ದೆನೇನೋ...

ಅತಿಥಿ ಎತ್ತರದ ಹೆಂಗಸು. ಬಲ್ಗೇರಿಯಾದವರು ಎಂದು ನನ್ನ ನೆನಪು, ಹಂಗೇರಿ ಎಂದು ನನ್ನ ಹೆಂಡತಿಯ ವಾದ. ಇಳಿಬಿಸಿಲಿನಲ್ಲಿ ಮೈಕು ಬೇಡವೆಂದು ಸರಿಸಿ, ಆಚೆ ಗುಡ್ಡದಲ್ಲಿದ್ದವರನ್ನು ಕೂಗುವಂತೆ ಹಾಡಿದರು. "ಗಂಟಲ ಛಲೋ ಐತಿ" ಎಂದು ನನ್ನ ಕಡೆ ತಲೆಯಾಡಿಸಿದ ಅಕ್ಕ, ದಪ್ಪು ಎತ್ತಿ ಸವಾಲು ಹಾಕಿದರು:

"ಬಾಯಿಗಿ ಬರೂ ಮುಂಚೆ ಹಾಡಾ ಎಲ್ಲಿತ್ತ, ಯಾರ ಮನ್ಯಾಗ ಬಾಡಿಗಿ ಇತ್ತ?"

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅತಿಥಿ ನಕ್ಕರು. ಹಿಂದೆ ಅಕ್ಕನ ಮೇಳದ ಇಬ್ಬರು ಹೆಂಗಸರು ಪಲ್ಲವಿ ಹಿಡಿದಿದ್ದರು. ಅತಿಥಿಗೆ ಅದು ಹಿಡಿಸಿತು. ಸೀದಾ ಹೋಗಿ ಅವರ ಸಾಲಿನಲ್ಲಿ, ಅಕ್ಕನ ಬೆನ್ನ ಹಿಂದೆ ನಿಂತು "ಗೀಯ ಗೀಯ ಗಾ" ಎಂದು ದನಿಗೂಡಿಸಿದರು.

ಮೈದಾನದ ತುಂಬ ಸಿಳ್ಳೆ. "ಸೋತ್ಳಲೇ, ಸೋತ್ಳು, ಒಂದ ಸವಾಲಿಗೇ" ಎಂದು ಯಾರೋ ಕೂಗಿದರು. ಅತಿಥಿ ಅದನ್ನು ಮೆಚ್ಚುಗೆ ಎಂದುಕೊಂಡು ಬಾಗಿ ನಮಸ್ಕರಿಸಿದರು. ಅಕ್ಕ ದಪ್ಪು ನಿಲ್ಲಿಸಿ ನನ್ನ ಹತ್ತಿರ ಬಂದರು.

"ಸರ, ಆಕಿಗಿ ಗೊತ್ತೈತೇನ್ರಿ? ಹಿಂದ ನಿಂತ್ರ ಏನಾಕ್ಕೈತಿ ಅಂತ?"

"ಇಲ್ರಿ ಅಕ್ಕಾ. ಗೊತ್ತಿಲ್ಲ."

"ಹೌದೇನು."

ನನ್ನ ನೆನಪಿನಲ್ಲಿ ಅವರು ಸೆರಗಿನಿಂದ ದಪ್ಪು ಒರೆಸುತ್ತ ಬಹಳ ಹೊತ್ತು ನಿಲ್ಲುತ್ತಾರೆ. ಅಂದು ಯಾರೋ ತುಂಬಿಸಿಕೊಂಡ ಕ್ಯಾಸೆಟ್ಟಿನಲ್ಲಿ ಆ ಜಾಗದಲ್ಲಿ ಒಂದು ಕೆಮ್ಮು ಇದೆ, ಅಷ್ಟೇ. ಎರಡರಲ್ಲಿ ಯಾವುದನ್ನೂ ನಾನು ನಂಬುವುದಿಲ್ಲ. ಆಮೇಲೆ ಅವರು ಅತಿಥಿಯ ಕೈಹಿಡಿದು ಮುಂದೆ ತಂದು ನಿಲ್ಲಿಸಿ, ತಾವು ಸುತ್ತಿ ಬಂದು ಅವರ ಹಿಂದೆ ನಿಂತರು.

"ಹಾಡಂತ ಹೇಳ್ರಿ. ಆಕಿ ಪದ."

ಆ ಹಾಡಿನ ನಡಿಗೆ ಕುಂಟುತ್ತಿತ್ತು. ಎರಡು, ಎರಡು, ಮೂರು. ಅಕ್ಕನ ದಪ್ಪು ಎರಡು ಸಲ ಎಡವಿತು, ಮೂರನೆಯ ಸಲ ಅದೂ ಜೊತೆಗೇ ಕುಂಟತೊಡಗಿತು. ಪದಗಳು ಗೊತ್ತಿಲ್ಲದೆ, ಸಾಲಿನ ಕೊನೆಯ ದನಿಯನ್ನಷ್ಟೇ ಹಿಡಿದು ಎಳೆದರು. ಆ ಎರಡು ಗಂಟಲುಗಳು ಕೂಡಿದಾಗ ನನ್ನ ಮೈ ಜುಮ್ಮೆಂದಿತು. ಸಂಘಟಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಮೈದಾನದಲ್ಲಿ ಮಾತ್ರ ಸಿಳ್ಳೆ ಬರಲಿಲ್ಲ. ಮುಂದೆ ಕುಳಿತಿದ್ದ ಮುದುಕರೊಬ್ಬರು ಪಕ್ಕದವರನ್ನು ಕೇಳಿದರು: "ಗೆದ್ದಾಕಿ ಯಾಕ ಹಿಂದ ಹೋದ್ಳೋ?"

ಮನೆಗೆ ಬರುವಾಗ ನಾನೂ ಅದನ್ನೇ ಕೇಳಿದೆ.

"ತಿಳೀದಾಕಿನ್ನ ಸೋಲ್ಸಿ ಏನ್ ಮಾಡೂದ್ರಿ ಸರ? ಈಗ ಒಂದಕ್ಕೊಂದು ಸರಿ ಆತು."

ಸರಿ ಆಗಲಿಲ್ಲ. ಮುಂದಿನ ಮೇಳದಿಂದಲೇ ಎದುರು ಪಕ್ಷದವರಿಗೆ ಶುರು ಮಾಡಲಿಕ್ಕೆ ಒಂದು ಸಾಲು ಸಿಕ್ಕಿತು: ಪರದೇಶದಾಕಿ ಹಿಂದ ನಿಂತಾಕಿಗೆ ನಮ್ಮ ಹಿಂದ ನಿಲ್ಲಾಕ ಏನ್ ನಾಚಿಕಿ? ಅಕ್ಕ ಅದಕ್ಕೆ ಹತ್ತು ಜವಾಬು ಕಟ್ಟಿದರು, ಒಂದಕ್ಕಿಂತ ಒಂದು ಖಾರ. ನಗೆಯೂ ಬಿದ್ದಿತು. ಆದರೆ ಮೈಕಿನಲ್ಲಿ ಆ ಹಳೆಯ ಮಾತು ಹೇಳುವುದು ನಿಂತಿತು. ಅಥಣಿಯಲ್ಲಿ ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಬರೀ ಹೆಸರು ಕರೆದರು. ಅಕ್ಕ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತರು, ಆಮೇಲೆ ಹತ್ತಿದರು.

ಕೆಲವು ವರ್ಷಗಳ ಮೇಲೆ, ಕಾಗವಾಡಕ್ಕೆ ಕೆಲಸಕ್ಕೆ ಹೋಗಿದ್ದ ನಾನು ಅವರನ್ನು ನೋಡಲು ಬಂದೆ. ಕೆಮ್ಮು ಬಲಿತು ಹಾಡು ನಿಂತಿತ್ತು. ಬೇಡವೆಂದರೂ ಎದ್ದು ಚಹಾ ಮಾಡಿದರು. ಕಪ್ಪು-ಬಸಿ ನನ್ನ ಕಡೆ ಸರಿಸುತ್ತ, ಹವೆಯ ಮಾತಾಡುವಷ್ಟೇ ಸಹಜವಾಗಿ ಹೇಳಿದರು:

"ಅವತ್ತ ನೀವು 'ಆಕಿಗಿ ಗೊತ್ತೈತಿ' ಅಂದಿದ್ರ ಮುಗೀತಿತ್ತಲ್ರಿ, ಸರ."

ನಾನು ಬಸಿಗೆ ಸ್ವಲ್ಪ ಚಹಾ ಸುರಿದೆ.

"ಬಾಜೂ ಮನಿಯವ್ರು. ನಮ್ಮ ಪಕ್ಷ ಇರ್ತೀರಿ ಅಂತ ಮಾಡಿದ್ನಿ." ಹೇಳಿ ನಕ್ಕರು. ನಗು ಕೆಮ್ಮಾಯಿತು. "ಚಾ ಕುಡೀರಿ, ಆರಾಕತ್ತೈತಿ."

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಅಂದಿನಿಂದ ಈ ಕತೆಯನ್ನು ಎಷ್ಟೋ ಕಡೆ ಹೇಳಿದ್ದೇನೆ, ಹೇಳುವಾಗಲೆಲ್ಲ ನಾನು ನಿಜ ನುಡಿದವನಾಗಿ ಕಾಣುತ್ತೇನೆ. ಹಾಗೇನಿಲ್ಲ. ಕೇಳಿದ್ದಕ್ಕೆ ಸರಿಯುತ್ತರ ಕೊಡುವುದು ಮೇಷ್ಟರ ಚಾಳಿ. ಯಾರು ಕೇಳುತ್ತಿದ್ದಾರೆ, ಯಾಕೆ ಕೇಳುತ್ತಿದ್ದಾರೆ ಎಂದು ನಾನು ನೋಡಲೇ ಇಲ್ಲ.

ಹೋದ ವಾರ ನಿಪ್ಪಾಣಿಯಲ್ಲಿ ಮುಂದಿನ ಬಸ್ಸಿಗೆ ಕಾಯುತ್ತ ಆ ಇನ್ನೊಂದು ಉತ್ತರವನ್ನು ಮೆಲ್ಲಗೆ ಹೇಳಿ ನೋಡಿದೆ. "ಗೊತ್ತೈತ್ರಿ, ಅಕ್ಕಾ." ಪಕ್ಕದಲ್ಲಿ ಕುಳಿತಿದ್ದ ಹೆಂಗಸು ತಿರುಗಿ ನೋಡಿದರು.

ನಿಮಗಲ್ರಿ, ಎಂದೆ.